ಇಕ್ಕಟ್ಟಾದ ಜಾಗದಲ್ಲಿ ದೊಡ್ಡ ಶೀರ್ಷಿಕೆ ಕೂರಿಸುವುದು ಹೇಗೆ?

ಪೋಸ್ಟರ್‌ನ ಅಗಲ ಕಮ್ಮಿ, ಶೀರ್ಷಿಕೆ ಉದ್ದ. ಒಂದೇ ಸಾಲಿಗೆ ಹಿಡಿಸಲು ಹೋದರೆ ಅಕ್ಷರ ಚಿಕ್ಕದಾಗುತ್ತದೆ. ದೊಡ್ಡದು ಮಾಡಿದರೆ ಸಾಲು ಮುರಿಯುತ್ತದೆ. ಬೋಲ್ಡ್ ಕಂಡೆನ್ಸ್ಡ್ ಫಾಂಟ್ (ದಪ್ಪ ಗೆರೆಯ, ಕಿರಿದಾಗಿಯೇ ಬರೆದ ಅಕ್ಷರಗಳ ಫಾಂಟ್) ಕೈಹಿಡಿಯುವುದು ಇಲ್ಲೇ. ಅಕ್ಷರದ ಅಗಲ ಕಮ್ಮಿ ಇರುವುದರಿಂದ ಎತ್ತರವನ್ನು ಜಾಸ್ತಿ ಮಾಡಬಹುದು. ಅಮೆರಿಕದ ಅಕ್ಷರ ವಿನ್ಯಾಸಕ ಮಾರಿಸ್ ಫುಲ್ಲರ್ ಬೆಂಟನ್ 1903ರಲ್ಲಿ ಮಾಡಿದ ಆಲ್ಟರ್ನೇಟ್ ಗಾಥಿಕ್, 1965ರಲ್ಲಿ ಬಂದ ಇಂಪ್ಯಾಕ್ಟ್ ಇದೇ ಜಾತಿಯವು.

ಮೊದಲು ಫಾಂಟ್ ಆರಿಸಿ. ಇಂಗ್ಲಿಷ್‌ಗೆ ಆಂಟನ್, ಆಸ್ವಾಲ್ಡ್, ಬೆಬಾಸ್ ನ್ಯೂ ಉಚಿತವಾಗಿ ಸಿಗುತ್ತವೆ. ಕನ್ನಡಕ್ಕೆ ನನ್ನ ಆಯ್ಕೆ ಅನೇಕ್ ಕನ್ನಡ. ಅದರಲ್ಲಿ ಅಗಲವನ್ನು 75ರಿಂದ 125ರವರೆಗೆ (100 ಎಂದರೆ ಸಾಮಾನ್ಯ ಅಗಲ), ದಪ್ಪವನ್ನು 100ರಿಂದ 800ರವರೆಗೆ (400 ಎಂದರೆ ಸಾಮಾನ್ಯ ದಪ್ಪ) ಬೇಕಾದಂತೆ ಬದಲಿಸಬಹುದು. ಅಗಲ 75, ದಪ್ಪ 700 ಇಟ್ಟು ಶುರು ಮಾಡಿ.

ಸಾಮಾನ್ಯ ಫಾಂಟನ್ನೇ ಅಕ್ಕಪಕ್ಕದಿಂದ ಒತ್ತಿ ಕಿರಿದು ಮಾಡಿದರೆ ಸಾಲದೇ ಎಂದು ಹಲವರು ಕೇಳುತ್ತಾರೆ. ದಯವಿಟ್ಟು ಬೇಡ. ಇಂಗ್ಲಿಷಿನ 'ಎಚ್' ಅಕ್ಷರವನ್ನು ಶೇ 60ಕ್ಕೆ ಒತ್ತಿ ನೋಡಿ. ನಿಂತ ಎರಡು ಕಂಬಗಳು ಸೊರಗುತ್ತವೆ, ನಡುವಿನ ಅಡ್ಡಗೆರೆ ಮಾತ್ರ ಮೊದಲಿನಷ್ಟೇ ದಪ್ಪ ಉಳಿಯುತ್ತದೆ. ಕಿರಿದಾಗಿಯೇ ಬರೆದ ಫಾಂಟ್‌ನಲ್ಲಿ ಎರಡರ ತೂಕವನ್ನೂ ಕೈಯಾರೆ ಸರಿದೂಗಿಸಿರುತ್ತಾರೆ. ಆ ಶ್ರಮ ಒತ್ತುವುದರಿಂದ ಬರುವುದಿಲ್ಲ.

ಆಮೇಲೆ ಅಕ್ಷರಗಳ ಒಳಗಿನ ಖಾಲಿ ಜಾಗ, ಅಂದರೆ ಅವುಗಳ ಹೊಟ್ಟೆ ನೋಡಿ. ನಾನು ಅತಿ ಹೆಚ್ಚು ಹೊತ್ತು ಕಳೆಯುವುದು ಇದರಲ್ಲೇ. ಗೆರೆ ದಪ್ಪವಾದಷ್ಟೂ ಹೊಟ್ಟೆ ಕಿರಿದಾಗುತ್ತದೆ. ಕನ್ನಡದಲ್ಲಿ ಅದರ ಅಪಾಯ ಜಾಸ್ತಿ. 'ರ' ಮತ್ತು 'ಠ' ನಡುವೆ ಇರುವುದು ಒಂದು ಚುಕ್ಕಿ, ಅಷ್ಟೇ ಅಲ್ವಾ? ಆ ಚುಕ್ಕಿ ಸುತ್ತಲಿನ ಗೆರೆಗೆ ಅಂಟಿಕೊಂಡರೆ 'ಪಾಠ' ಎಂಬ ಪದ ದೂರಕ್ಕೆ ಬರೀ ಕಪ್ಪು ಮುದ್ದೆ. 'ಥ' ಮತ್ತು 'ಧ' ಕೂಡ ಹಾಗೆಯೇ. ಶೀರ್ಷಿಕೆಯಲ್ಲಿ ಇಂಥ ಅಕ್ಷರವಿದ್ದರೆ ದಪ್ಪ 800ರ ಆಸೆ ಬಿಡಿ.

ಈಗ ಸಾಲುಗಳ ಅಂತರ. ಇಂಗ್ಲಿಷಿನ ದೊಡ್ಡಕ್ಷರಗಳು ಸಾಮಾನ್ಯವಾಗಿ ತಾವು ಕೂರುವ ಸಾಲಿನ ಅಡಿಗೆರೆಯಿಂದ ಕೆಳಗೆ ಇಳಿಯುವುದಿಲ್ಲ. ಹಾಗಾಗಿ 100 ಪಾಯಿಂಟ್ ಅಕ್ಷರಕ್ಕೆ 90 ಪಾಯಿಂಟ್ ಲೀಡಿಂಗ್ (ಒಂದು ಸಾಲಿನ ಅಡಿಗೆರೆಯಿಂದ ಮುಂದಿನ ಸಾಲಿನ ಅಡಿಗೆರೆಯವರೆಗಿನ ಅಂತರ) ಕೊಟ್ಟರೂ ನಡೆಯುತ್ತದೆ. ಕನ್ನಡಕ್ಕೆ ಆ ಲೆಕ್ಕ ಹಿಡಿಯಬೇಡಿ. ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ಬಡಿಯುತ್ತದೆ. 120ರಿಂದ ಶುರು ಮಾಡಿ, ಕಣ್ಣಿಗೆ ಹಿತವಾಗುವವರೆಗೆ ಸರಿಸಿ. ಒಂದೇ ಕಡೆ ಬಡಿಯುತ್ತಿದ್ದರೆ ಸುಮ್ನೆ ಅಂತರ ಹೆಚ್ಚಿಸುವ ಬದಲು ಸಾಲನ್ನು ಬೇರೆ ಪದದಲ್ಲಿ ಮುರಿದು ನೋಡಿ.

ಅಕ್ಷರಗಳ ನಡುವಿನ ಜಾಗವನ್ನು ದೊಡ್ಡ ಗಾತ್ರದಲ್ಲಿ ಒಂಚೂರು ಬಿಗಿ ಮಾಡಬಹುದು. ಚಿಕ್ಕ ಗಾತ್ರದಲ್ಲಿ ಸಡಿಲವೇ ಬೇಕು. ಇನ್ನು ವಿವರದ ಸಾಲುಗಳಿಗೆ ಈ ಫಾಂಟ್ ಬಳಸಲೇಬೇಡಿ; ಐದಾರು ಪದದ ಶೀರ್ಷಿಕೆಗೆ ಮಾತ್ರ ಇರಲಿ.

ಕೊನೆಗೆ ನಿಜವಾದ ಅಳತೆಯಲ್ಲಿ ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿ. ಹತ್ತು ಹೆಜ್ಜೆ ಹಿಂದೆ ಸರಿದು, ಶೀರ್ಷಿಕೆ ಗೊತ್ತಿಲ್ಲದ ಯಾರಿಂದಲಾದರೂ ಓದಿಸಿ. ಅವರು ಎಲ್ಲಿ ತಡವರಿಸುತ್ತಾರೋ ಆ ಅಕ್ಷರದ ಹತ್ತಿರ ಹೋಗಿ ನೋಡಿ. ಅದರ ಹೊಟ್ಟೆ ಮುಚ್ಚಿದ್ದರೆ ದಪ್ಪವನ್ನು 600ಕ್ಕೆ ಇಳಿಸಿ ಇನ್ನೊಂದು ಪ್ರಿಂಟ್ ಹಾಕಿ.