ಒಂದೇ ಜಾಗಕ್ಕೆ ಮೂರು ವರ್ಷ: ಕೋಲಾರದಲ್ಲಿ ಪತ್ರಿಕೋದ್ಯಮ ಓದುವವರಿಗೆ

ಪದವಿಯಲ್ಲಿ ಪತ್ರಿಕೋದ್ಯಮವನ್ನು ಐಚ್ಛಿಕ ವಿಷಯವಾಗಿ ಆರಿಸಿಕೊಂಡು ಈ ವರ್ಷ ಕೋಲಾರದ ಕಾಲೇಜುಗಳಿಗೆ ಸೇರಿರುವ ವಿದ್ಯಾರ್ಥಿಗಳಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನು ಈಗ ಕೊನೆಯ ಸೆಮಿಸ್ಟರಿನಲ್ಲಿದ್ದೇನೆ. ಬೆಂಗಳೂರಿನ ಕಾಲೇಜುಗಳಲ್ಲಿರುವ ಸ್ಟುಡಿಯೊ, ಕ್ಯಾಮೆರಾ, ಎಡಿಟಿಂಗ್ ಕೊಠಡಿಗಳು ನಮಗಿಲ್ಲವಲ್ಲ ಎಂಬ ಕೊರಗಿನಲ್ಲಿಯೇ ನನ್ನ ಮೊದಲ ವರ್ಷದ ಬಹುಭಾಗ ಕಳೆದುಹೋಯಿತು. ಆ ಕೊರಗು ನಿಜವಾದದ್ದೇ. ಸಲಕರಣೆಗಳು ಬೇಕು, ಅವನ್ನು ಕಾಲೇಜಿನಲ್ಲಿ ಕೇಳಿ ಪಡೆಯಬೇಕು. ಆದರೆ ವರದಿಗಾರಿಕೆಯನ್ನು ಕಲಿಯಲು ಎಲ್ಲಕ್ಕಿಂತ ಮೊದಲು ಬೇಕಾಗುವುದು ದಿನವೂ ಬದಲಾಗುವ, ಸುಲಭವಾಗಿ ತಲುಪಬಹುದಾದ ಒಂದು ಜಾಗ, ಮತ್ತು ಅಲ್ಲಿ ನಮ್ಮನ್ನು ಮುಖ ನೋಡಿ ಗುರುತಿಸುವ ಹತ್ತು ಜನ. ಜಿಲ್ಲಾ ಕೇಂದ್ರದಲ್ಲಿ ಓದುವವರಿಗೆ ಇವೆರಡೂ ಕೈಗೆಟುಕುವ ದೂರದಲ್ಲಿವೆ. ಆದ್ದರಿಂದ ಮೊದಲ ಸೆಮಿಸ್ಟರಿನಲ್ಲೇ ಅಂಥ ಒಂದು ಜಾಗವನ್ನು ಆರಿಸಿಕೊಂಡು, ಮೂರು ವರ್ಷವೂ ಅಲ್ಲಿಗೆ ಹೋಗುತ್ತಲೇ ಇರಿ ಎಂಬುದು ನನ್ನ ಸಲಹೆ. ಅದನ್ನು ಹೇಗೆ ಮಾಡಬಹುದೆಂದು ನನ್ನ ಅನುಭವದಿಂದ ತಿಳಿಸುತ್ತೇನೆ.

ಜಾಗದ ಆಯ್ಕೆ

ಆರಿಸುವ ಜಾಗದಲ್ಲಿ ಹಣವೋ ನೀರೋ ತೀರ್ಮಾನವೋ ಕೈಯಿಂದ ಕೈಗೆ ಸಾಗುತ್ತಿರಬೇಕು. ವಾರಕ್ಕೊಮ್ಮೆಯಾದರೂ ಹೆಚ್ಚು ಖರ್ಚಿಲ್ಲದೆ ಅಲ್ಲಿಗೆ ಹೋಗಿಬರಲು ಸಾಧ್ಯವಿರಬೇಕು. ಅಲ್ಲಿ ನಡೆಯುವುದರ ದಾಖಲೆಯನ್ನು ಯಾವುದಾದರೂ ಸರ್ಕಾರಿ ಕಚೇರಿ ಇಟ್ಟಿರಬೇಕು. ನಮ್ಮ ಜಿಲ್ಲೆಯಲ್ಲಿ ಇಂಥ ಜಾಗಗಳಿಗೆ ಬರವಿಲ್ಲ. ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಎರಡು ಹಂತಗಳಲ್ಲಿ ಶುದ್ಧೀಕರಿಸಿ ನಮ್ಮ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆಯ ನೀರು 2018ರಲ್ಲಿ ಮೊದಲು ಲಕ್ಷ್ಮೀಸಾಗರ ಕೆರೆಗೆ ಬಂದಿತು. ಬತ್ತಿದ್ದ ಕೊಳವೆಬಾವಿಯಲ್ಲಿ ನೀರು ಕಂಡು ಸಂತೋಷಪಟ್ಟ ರೈತರೂ, ಮೂರನೇ ಹಂತದ ಶುದ್ಧೀಕರಣ ಆಗಲೇಬೇಕೆಂದು ಒತ್ತಾಯಿಸುವ ರೈತರೂ ಇದೇ ಜಿಲ್ಲೆಯಲ್ಲಿದ್ದಾರೆ. ಆ ನೀರು ಬರುವ ಯಾವುದಾದರೂ ಒಂದು ಕೆರೆಯನ್ನು ಹಿಡಿದುಕೊಂಡರೆ ಮೂರು ವರ್ಷಕ್ಕೆ ಸಾಕಾಗುವಷ್ಟು ಕೆಲಸವಿದೆ. ಕೆಜಿಎಫ್ ಕಡೆಯವರು ಗಣಿ ಕಾಲೊನಿಯ ಒಂದು ಸಾಲನ್ನೇ ಆರಿಸಿಕೊಳ್ಳಬಹುದು; 2001ರ ಫೆಬ್ರುವರಿ 28ರಂದು ಚಿನ್ನದ ಗಣಿ ಮುಚ್ಚಿದ ಮೇಲೆ ಆ ಮನೆಗಳ ಎಷ್ಟೋ ಜನ ನಿತ್ಯವೂ ರೈಲಿನಲ್ಲಿ ಬೆಂಗಳೂರಿಗೆ ದುಡಿಯಲು ಹೋಗಿಬರುತ್ತಿದ್ದಾರೆ. ಹಳ್ಳಿಯಿಂದ ಓಡಾಡುವವರಿಗೆ ತಮ್ಮದೇ ಗ್ರಾಮ ಪಂಚಾಯಿತಿಯಿದೆ. ಸಾಂಸ್ಕೃತಿಕ ವರದಿಯಲ್ಲಿ ಆಸಕ್ತಿಯಿದ್ದರೆ ತೇರಹಳ್ಳಿ ಬೆಟ್ಟದ ಆದಿಮ ಸಾಂಸ್ಕೃತಿಕ ಕೇಂದ್ರದಲ್ಲಿ ನಡೆಯುವ ಹುಣ್ಣಿಮೆ ಹಾಡಿನ ಕಾರ್ಯಕ್ರಮಗಳಿಗೆ ಹೋಗಬಹುದು.

ನಾನು ಆರಿಸಿಕೊಂಡದ್ದು ಎಪಿಎಂಸಿ ಆವರಣದ ಟೊಮೆಟೊ ಮಾರುಕಟ್ಟೆಯನ್ನು. ಶ್ರೀನಿವಾಸಪುರ ತಾಲ್ಲೂಕಿನ ನಮ್ಮ ಊರಿನಿಂದ ಬಾಕ್ಸುಗಳು ಬಂದಿಳಿಯುವುದು ಅಲ್ಲಿಯೇ ಆದ್ದರಿಂದ ಆ ಮಾರುಕಟ್ಟೆ ನನಗೆ ಗೊತ್ತಿದೆ ಎಂದುಕೊಂಡಿದ್ದೆ. ಒಂದು ಎಚ್ಚರಿಕೆ: ಗೊತ್ತಿರುವ ಜಾಗವನ್ನು ಆರಿಸಿಕೊಂಡಾಗ, ಕೇಳಲೇಬೇಕಾದ ಪ್ರಶ್ನೆಯನ್ನು ಉತ್ತರ ತಿಳಿದಿದೆಯೆಂಬ ಭ್ರಮೆಯಲ್ಲಿ ಬಿಟ್ಟುಬಿಡುವ ಅಪಾಯವಿರುತ್ತದೆ.

ನೋಟ್ ಪುಸ್ತಕ

ಜೇಬಿನಲ್ಲಿ ಹಿಡಿಸುವ ಗೆರೆಯಿಲ್ಲದ ಪುಸ್ತಕ ಸಾಕು. ಪ್ರತಿ ಭೇಟಿಗೆ ಹೊಸ ಪುಟ ತೆರೆದು, ಮೇಲೆ ದಿನಾಂಕ, ಹೊತ್ತು, ಮಳೆಯಿತ್ತೇ ಬಿಸಿಲಿತ್ತೇ ಎಂಬುದನ್ನು ಬರೆಯಿರಿ. ಎಡಪುಟದಲ್ಲಿ ಕಣ್ಣಾರೆ ಕಂಡದ್ದನ್ನೂ, ಹೇಳಿದವರ ಹೆಸರಿನೊಂದಿಗೆ ಕೇಳಿದ್ದನ್ನೂ ಬರೆದು, ಬಲಪುಟವನ್ನು ಅನುಮಾನಗಳಿಗಾಗಿ ಖಾಲಿ ಬಿಡಿ. ಮನೆಗೆ ಬಂದು ಓದುವಾಗ ಏಳುವ ಪ್ರಶ್ನೆಗಳೆಲ್ಲ ಆ ಬಲಪುಟಕ್ಕೆ ಸೇರಲಿ. ಮುಂದಿನ ವಾರ ಯಾರನ್ನು ಏನು ಕೇಳಬೇಕೆಂಬುದು ಅಲ್ಲಿಂದಲೇ ಸಿಗುತ್ತದೆ. ಮೊಬೈಲಿನಲ್ಲಿ ಧ್ವನಿ ಮುದ್ರಿಸಿಕೊಳ್ಳುವುದಾದರೆ ಅನುಮತಿ ಕೇಳಿಯೇ ಮಾಡಿ, ಹಾಗೆ ಮಾಡಿದಾಗಲೂ ಕೈಯಲ್ಲಿ ಬರೆಯುವುದನ್ನು ಬಿಡಬೇಡಿ. ಹರಾಜಿನ ಕೂಗಿನ ನಡುವೆ ಮುದ್ರಿಸಿದ ಮಾತು ಎಷ್ಟೋ ಸಲ ಅರ್ಥವೇ ಆಗುವುದಿಲ್ಲ.

ಸಂಖ್ಯೆ ಬರೆಯುವಾಗ ಅದರ ಅಳತೆಯನ್ನೂ ಬರೆಯಬೇಕು. ಇದನ್ನು ನಾನು ಕಲಿತದ್ದು ಒಂದು ತಪ್ಪಿನಿಂದ. ಮೊದಲ ವರ್ಷ ನಮ್ಮ ವಿಭಾಗದ ಪ್ರಾಯೋಗಿಕ ಪತ್ರಿಕೆಗೆ ಬರೆದ ವರದಿಯಲ್ಲಿ, ಬಾಕ್ಸಿಗೆ 600 ರೂಪಾಯಿಯಂತೆ ಹರಾಜಾದ ಟೊಮೆಟೊ ಕೆಜಿಗೆ 60 ರೂಪಾಯಿಗೆ ಮಾರಾಟವಾಯಿತೆಂದು ಬರೆದಿದ್ದೆ. ಬಾಕ್ಸ್ ಎಂದರೆ ಹತ್ತು ಕೆಜಿ ಎಂದು ಯಾರೂ ನನಗೆ ಹೇಳಿರಲಿಲ್ಲ; ನಾನೇ ಹಾಗೆಂದುಕೊಂಡಿದ್ದೆ. ಪ್ರತಿಯನ್ನು ಒಯ್ದು ತೋರಿಸಿದಾಗ ಒಬ್ಬ ರೈತರು ಓದಿ, "ಬಾಕ್ಸು ಹದಿನೈದು ಕೆಜಿ ಅಲ್ವೇನಮ್ಮಾ? ನಲವತ್ತು ರೂಪಾಯಿ ಲೆಕ್ಕ ಬರುತ್ತೆ. ಇದನ್ನ ಓದಿದೋರು ನಮಗೆ ಅರವತ್ತು ಸಿಕ್ತು ಅಂದ್ಕೊಳ್ತಾರೆ" ಎಂದರು. ಅವರ ದನಿಯಲ್ಲಿ ಕೋಪವಿರಲಿಲ್ಲ, ಬೇಸರವಿತ್ತು. 2023ರ ಜುಲೈನಲ್ಲಿ ಇದೇ ಮಾರುಕಟ್ಟೆಯಲ್ಲಿ ಬಾಕ್ಸಿನ ಬೆಲೆ 2,000 ರೂಪಾಯಿ ದಾಟಿದಾಗ ದೇಶದ ಸುದ್ದಿವಾಹಿನಿಗಳೆಲ್ಲ ಕೋಲಾರದ ರೈತರು ಶ್ರೀಮಂತರಾದರೆಂದು ಹೇಳಿದವು. ಬೆಳೆ ಕೈಗೆ ಬಾರದೆ ಆ ಬೆಲೆಯನ್ನು ದೂರದಿಂದ ನೋಡಿದವರು, ಬೆಲೆ ಕುಸಿದಾಗ ಹಣ್ಣನ್ನು ಕೀಳದೆ ತೋಟದಲ್ಲೇ ಬಿಟ್ಟವರು ನಮ್ಮ ಸುತ್ತಲಿನ ಊರುಗಳಲ್ಲಿದ್ದಾರೆ. ಒಂದು ತಪ್ಪು ಭಾಗಾಕಾರವು ಅಂಥವರ ಬದುಕಿನ ಬಗ್ಗೆ ಸುಳ್ಳು ಹೇಳುತ್ತದೆ ಎಂಬುದು ಆ ದಿನ ನನಗೆ ಮನದಟ್ಟಾಯಿತು. ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿ ಪ್ರಕಟಿಸಿದೆವು. ನಿಮ್ಮ ಪ್ರಾಯೋಗಿಕ ಪತ್ರಿಕೆಯಲ್ಲಿ ತಿದ್ದುಪಡಿಗೆ ಜಾಗವಿಲ್ಲದಿದ್ದರೆ, ಪುಟವಿನ್ಯಾಸ ಮಾಡುವವರನ್ನು ಕೇಳಿ ಎರಡನೇ ಪುಟದಲ್ಲಿ ಒಂದು ಚೌಕವನ್ನು ಕಾಯಂ ಆಗಿ ಇಡಿಸಿ.

ಯಾರನ್ನು ಕೇಳಬೇಕು, ಯಾವ ಭಾಷೆಯಲ್ಲಿ

ಮಾರುಕಟ್ಟೆಗೆ ಹೋದವರು ಮೊದಲು ಮಂಡಿ ಮಾಲೀಕರನ್ನೋ ಕಾರ್ಯದರ್ಶಿಯನ್ನೋ ಮಾತನಾಡಿಸುತ್ತಾರೆ, ಏಕೆಂದರೆ ಅವರು ಕುರ್ಚಿ ಕೊಡುತ್ತಾರೆ ಮತ್ತು ಪೂರ್ತಿ ವಾಕ್ಯಗಳಲ್ಲಿ ಉತ್ತರಿಸುತ್ತಾರೆ. ಅವರನ್ನು ಕೊನೆಗೆ ಇಟ್ಟುಕೊಳ್ಳಿ. ಹಮಾಲಿಗಳು, ಹಣ್ಣು ಆರಿಸಿ ಬೇರ್ಪಡಿಸುವ ಹೆಂಗಸರು, ಲಾರಿಗೆ ಬಾಕ್ಸು ತುಂಬುವವರು, ಟೀ ಅಂಗಡಿಯವರು, ಇವರೊಂದಿಗೆ ಮಾತನಾಡಿದ ಮೇಲೆ ಕಚೇರಿಗೆ ಹೋದರೆ ಕೇಳುವ ಪ್ರಶ್ನೆಗಳೇ ಬೇರೆಯಾಗುತ್ತವೆ. ಕೆಲಸದ ಹೊತ್ತಿನಲ್ಲಿ ಯಾರನ್ನೂ ನಿಲ್ಲಿಸಬಾರದು. ಹರಾಜು ಮುಗಿದು ಕೈ ತೊಳೆದುಕೊಳ್ಳುವ ಹೊತ್ತಿಗೆ ಅವರೇ ಮಾತಿಗೆ ಸಿಗುತ್ತಾರೆ.

ಭಾಷೆಯ ವಿಷಯವನ್ನು ನಮ್ಮ ಪಠ್ಯಪುಸ್ತಕಗಳು ಹೇಳುವುದಿಲ್ಲ, ಆದರೆ ಈ ಗಡಿ ಜಿಲ್ಲೆಯಲ್ಲಿ ಅದು ದೊಡ್ಡ ವಿಷಯ. ಮುಳಬಾಗಿಲು, ಶ್ರೀನಿವಾಸಪುರದ ಕಡೆ ಒಂದೇ ಮಾತಿನಲ್ಲಿ ಕನ್ನಡವೂ ತೆಲುಗೂ ಬೆರೆತಿರುತ್ತವೆ; ಕೆಜಿಎಫ್‌ನಲ್ಲಿ ತಮಿಳು, ಮಂಡಿಯಲ್ಲಿ ಉರ್ದು. ಒಬ್ಬ ಅಜ್ಜಿ ತೆಲುಗಿನಲ್ಲಿ ಹೇಳಿದ ನೋವನ್ನು ನಾವು ಗ್ರಾಂಥಿಕ ಕನ್ನಡಕ್ಕೆ ತಂದು ಉದ್ಧರಣ ಚಿಹ್ನೆಯೊಳಗೆ ಇಟ್ಟರೆ, ಆಕೆ ಆಡದ ಮಾತನ್ನು ಆಕೆಯ ಬಾಯಲ್ಲಿ ಇಟ್ಟಂತಾಗುತ್ತದೆ. ನಾನು ಪಾಲಿಸುವ ಕ್ರಮವೇನೆಂದರೆ, ಹೇಳಿದ ಭಾಷೆಯಲ್ಲಿಯೇ ಮೊದಲು ಕನ್ನಡ ಲಿಪಿಯಲ್ಲಿ ಬರೆದುಕೊಳ್ಳುವುದು, ಅನುವಾದಿಸಿದ್ದನ್ನು ಸಾಧ್ಯವಾದರೆ ಅವರಿಗೇ ಓದಿ ಹೇಳುವುದು, ವರದಿಯಲ್ಲಿ "ತೆಲುಗಿನಲ್ಲಿ ಹೇಳಿದರು" ಎಂದು ಸೇರಿಸುವುದು. ಮನೆಯಲ್ಲಿ ತೆಲುಗು ಮಾತನಾಡುತ್ತೇನೆಂದು ತರಗತಿಯಲ್ಲಿ ಸಂಕೋಚಪಡುತ್ತಿದ್ದ ನನ್ನ ಗೆಳತಿಯೊಬ್ಬಳು ಈಗ ನಮ್ಮ ತಂಡದಲ್ಲಿ ಎಲ್ಲರಿಗಿಂತ ಒಳ್ಳೆಯ ಸಂದರ್ಶನಗಳನ್ನು ತರುತ್ತಾಳೆ. ಮಾಧ್ಯಮದ ಓದು ನಮ್ಮಲ್ಲಿ ಏನನ್ನು ಬೆಳೆಸಿತೆಂದು ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವುದು ಅವಳು. ನನ್ನ ವಿಷಯದಲ್ಲಿ ಹೇಳುವುದಾದರೆ, ಅಪರಿಚಿತರ ಎದುರು ಬಾಯಿ ಬಿಡಲು ಹೆದರುತ್ತಿದ್ದ ನಾನು ಮೊದಲ ನಾಲ್ಕು ಭೇಟಿಗಳಲ್ಲಿ ಯಾರನ್ನೂ ಮಾತನಾಡಿಸದೆ ಬಾಕ್ಸುಗಳನ್ನು ಎಣಿಸಿ ಹಿಂದಿರುಗಿದ್ದೆ. ಐದನೆಯ ಬಾರಿ ಹಮಾಲಿಯೊಬ್ಬರೇ "ದಿನಾ ಬಂದು ಏನಮ್ಮಾ ಬರ್ಕೊಳ್ತೀಯಾ?" ಎಂದು ಕೇಳಿದರು. ಸಂಕೋಚವಿರುವವರು ಹೀಗೆಯೇ ಆರಂಭಿಸಬಹುದು. ಎಣಿಸುವುದೂ ವರದಿಗಾರಿಕೆಯ ಭಾಗವೇ.

ಕಾಗದಪತ್ರ

ಎರಡನೇ ವರ್ಷದಲ್ಲಿ ಮಾಹಿತಿ ಹಕ್ಕು ಅಧಿನಿಯಮ, 2005ರ ಅಡಿಯಲ್ಲಿ ಒಂದು ಅರ್ಜಿಯನ್ನಾದರೂ ಹಾಕಿ. ಶುಲ್ಕ 10 ರೂಪಾಯಿ. ಅಂಚೆ ಕಚೇರಿಯಲ್ಲಿ ಸಿಗುವ ಪೋಸ್ಟಲ್ ಆರ್ಡರ್ ಲಗತ್ತಿಸಬಹುದು. ಬಡತನ ರೇಖೆಗಿಂತ ಕೆಳಗಿರುವ ಕುಟುಂಬದವರಿಗೆ ಶುಲ್ಕವಿಲ್ಲ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯವಿರಬೇಕು ಮತ್ತು ಅದು 150 ಪದಗಳನ್ನು ಮೀರಬಾರದು. ಏಕೆ ಬೇಕೆಂಬ ಕಾರಣವನ್ನು ಕೊಡಬೇಕಾಗಿಲ್ಲ. 30 ದಿನಗಳೊಳಗೆ ಉತ್ತರ ಬರಬೇಕು. ಬಾರದಿದ್ದರೆ ಅಥವಾ ತೃಪ್ತಿಕರವಾಗಿಲ್ಲದಿದ್ದರೆ ಮುಂದಿನ 30 ದಿನಗಳಲ್ಲಿ ಅದೇ ಇಲಾಖೆಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ ಸಲ್ಲಿಸಬಹುದು. "ಕೆರೆಯ ನೀರು ಶುದ್ಧವಾಗಿದೆಯೇ?" ಎಂದು ಅಭಿಪ್ರಾಯ ಕೇಳಿದರೆ ಉತ್ತರ ಸಿಗುವುದಿಲ್ಲ. ಇಂಥ ಕೆರೆಯ ನೀರಿನ ಗುಣಮಟ್ಟದ ಪರೀಕ್ಷಾ ವರದಿಗಳ ಪ್ರತಿಗಳನ್ನು, ಇಂಥ ತಿಂಗಳಿಂದ ಇಂಥ ತಿಂಗಳವರೆಗೆ ಒದಗಿಸಿ ಎಂದು ಸಣ್ಣ ನೀರಾವರಿ ಇಲಾಖೆಗೆ ದಾಖಲೆಯನ್ನು ಗುರುತಿಸಿ ಕೇಳಬೇಕು. ನನ್ನ ಮೊದಲ ಅರ್ಜಿ ವಿಷಯ ಸ್ಪಷ್ಟವಿಲ್ಲವೆಂಬ ಒಕ್ಕಣೆಯೊಂದಿಗೆ ಹಿಂದಿರುಗಿತು, ಮತ್ತು ಅದನ್ನು ಮತ್ತೆ ಓದಿದಾಗ ತಪ್ಪು ನನ್ನದೇ ಎಂಬುದು ಕಂಡಿತು. ಎರಡನೆಯದಕ್ಕೆ ಪುಟಗಟ್ಟಲೆ ಉತ್ತರ ಬಂದಿತು.

ಗ್ರಾಮ ಪಂಚಾಯಿತಿಯನ್ನು ಆರಿಸಿಕೊಂಡವರು ಗ್ರಾಮ ಸಭೆಯೊಂದನ್ನು ಆರಂಭದಿಂದ ಕೊನೆಯವರೆಗೆ ಕುಳಿತು ನೋಡಬೇಕು. ಅದಕ್ಕೂ ಮೊದಲು ನಡೆಯಬೇಕಾದ ವಾರ್ಡ್ ಸಭೆಗಳು ನಿಜವಾಗಿ ನಡೆದವೇ ಎಂಬುದನ್ನು ಊರಿನವರಿಂದಲೂ ನಡಾವಳಿ ಪುಸ್ತಕದಿಂದಲೂ ಹೋಲಿಸಿ ತಿಳಿದುಕೊಂಡರೆ ಅದೇ ಒಂದು ಒಳ್ಳೆಯ ವರದಿಯಾಗುತ್ತದೆ.

ಮೊಬೈಲಿಗೆ ಬರುವುದನ್ನು ನಂಬುವ ಮುನ್ನ

2018ರ ಮೇ ತಿಂಗಳಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆಂಬ ವಾಟ್ಸ್‌ಆ್ಯಪ್ ಸಂದೇಶಗಳು ಹರಡಿ, ಬೆಂಗಳೂರಿನಲ್ಲಿ ದುಡಿಯಲು ಬಂದಿದ್ದ ಹೊರರಾಜ್ಯದ ಒಬ್ಬ ವ್ಯಕ್ತಿಯನ್ನು ಜನರ ಗುಂಪು ಹೊಡೆದು ಕೊಂದಿತು. ನಮ್ಮ ಹಳ್ಳಿಗಳಿಗೂ ಇಂಥ ಸಂದೇಶಗಳು ಇಂದಿಗೂ ಬರುತ್ತವೆ. ಮನೆಯಲ್ಲಿ ಪತ್ರಿಕೋದ್ಯಮ ಓದುತ್ತಿರುವವರು ನಾವಾದ್ದರಿಂದ ನೆರೆಹೊರೆಯವರು ನಮ್ಮನ್ನೇ ಕೇಳುತ್ತಾರೆ, ಮತ್ತು ಆ ಹೊಣೆಯನ್ನು ನಾವು ಹೊರಬೇಕು. ಚಿತ್ರವನ್ನು ಗೂಗಲ್ ಲೆನ್ಸ್‌ನಲ್ಲಿ ಹಾಕಿ ಅದು ಹಿಂದೆಂದಾದರೂ ಬೇರೆಡೆ ಬಳಕೆಯಾಗಿದೆಯೇ ಎಂದು ನೋಡಿ. ವಿಡಿಯೊದಲ್ಲಿ ಅಂಗಡಿ ಫಲಕದ ಭಾಷೆ, ವಾಹನದ ನೋಂದಣಿ ಸಂಖ್ಯೆ, ಜನರ ಉಡುಪುಗಳನ್ನು ಗಮನಿಸಿ. ಘಟನೆ ನಡೆದಿದೆಯೆನ್ನಲಾದ ಊರಿನ ಪೊಲೀಸ್ ಠಾಣೆಗೆ ಕರೆ ಮಾಡಿ. ಮೂರಕ್ಕೂ ಸೇರಿ ಹದಿನೈದು ನಿಮಿಷ ಸಾಕು. ಸುಳ್ಳೆಂದು ತಿಳಿದಾಗ ಕಳುಹಿಸಿದ ದೊಡ್ಡಪ್ಪನನ್ನು ಗುಂಪಿನ ಎದುರು ಅವಮಾನಿಸದೆ, ಕರೆ ಮಾಡಿ ವಿವರಿಸಿದರೆ ಅವರೇ ಅಳಿಸುತ್ತಾರೆ.

ಅಪರಾಧ ಸುದ್ದಿಗಳ ವಿಷಯದಲ್ಲಿ ಕಾನೂನು ಹಾಕಿರುವ ಗೆರೆಯನ್ನು ಮೊದಲ ದಿನದಿಂದಲೇ ಪಾಲಿಸಿ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ ಗುರುತನ್ನು ಬಹಿರಂಗಪಡಿಸುವುದು ಭಾರತೀಯ ನ್ಯಾಯ ಸಂಹಿತೆಯ 72ನೇ ಸೆಕ್ಷನ್ ಪ್ರಕಾರ ಅಪರಾಧ. ಮಕ್ಕಳ ವಿಷಯದಲ್ಲಿ ಪೋಕ್ಸೊ ಕಾಯ್ದೆಯೂ ಬಾಲನ್ಯಾಯ ಕಾಯ್ದೆಯೂ ಇದನ್ನೇ ಹೇಳುತ್ತವೆ. ಹೆಸರನ್ನು ಬಿಟ್ಟರೆ ಸಾಲದು. ನೂರು ಮನೆಗಳ ಹಳ್ಳಿಯ ಹೆಸರು, ತರಗತಿ ಮತ್ತು ತಂದೆಯ ಕಸುಬನ್ನು ಬರೆದರೆ ಊರಿಗೆಲ್ಲ ಗುರುತು ಸಿಕ್ಕಂತೆಯೇ.

ಕೆಲವು ಸಣ್ಣ ಸಂಗತಿಗಳು

ನುಡಿ ಕೀಲಿಮಣೆಯಲ್ಲಿ ವೇಗವಾಗಿ ಬೆರಳಚ್ಚಿಸುವುದನ್ನು ಮೊದಲ ರಜೆಯಲ್ಲೇ ಕಲಿಯಿರಿ; ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ ಈ ಕೀಲಿಮಣೆ ಬಾರದಿದ್ದರೆ ಪತ್ರಿಕಾ ಕಚೇರಿಯಲ್ಲಿ ಕೈಕಟ್ಟಿ ಕೂರಬೇಕಾಗುತ್ತದೆ. ಒಂದು ತಿಂಗಳು ಎರಡು ಪತ್ರಿಕೆಗಳ ಜಿಲ್ಲಾ ಪುಟಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಿ. ಇಂಟರ್ನ್‌ಶಿಪ್‌ಗೆ ಬೆಂಗಳೂರಿನ ದೊಡ್ಡ ವಾಹಿನಿ ಸಿಕ್ಕರೂ, ನನ್ನ ಅಭಿಪ್ರಾಯದಲ್ಲಿ, ದಿನಕ್ಕೆರಡು ಸುದ್ದಿಯನ್ನು ನಿಮ್ಮಿಂದಲೇ ಬರೆಸುವ ಜಿಲ್ಲಾ ಕಚೇರಿಯೇ ಮೇಲು.

ಧ್ವನಿ ಮಾಧ್ಯಮದಲ್ಲಿ ಆಸಕ್ತಿಯಿರುವವರು ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆಯ 'ನಮ್ಮ ಧ್ವನಿ' ಸಮುದಾಯ ಬಾನುಲಿಯ ಕಥೆಯನ್ನು ತಿಳಿದುಕೊಳ್ಳಲೇಬೇಕು. ಸ್ವಯಂಸೇವಾ ಸಂಸ್ಥೆಗಳಿಗೂ ಸಮುದಾಯ ಬಾನುಲಿಯ ಪರವಾನಗಿ ಕೊಡುವ ನೀತಿಯನ್ನು ಕೇಂದ್ರ ಸರ್ಕಾರ ರೂಪಿಸಿದ್ದು 2006ರಲ್ಲಿ. ಅದಕ್ಕೂ ಮೊದಲೇ ಬೂದಿಕೋಟೆಯ ಜನರು ತಾವೇ ಮುದ್ರಿಸಿದ ಕಾರ್ಯಕ್ರಮಗಳನ್ನು ಕೇಬಲ್ ತಂತಿಯ ಮೂಲಕ ಮನೆಗಳಿಗೆ ತಲುಪಿಸುತ್ತಿದ್ದರು. ನಮ್ಮ ಕಾಲೇಜಿನಲ್ಲಿ ಸ್ಟುಡಿಯೊ ಇಲ್ಲವೆಂಬ ಕೊರಗು ನನಗೆ ಕಡಿಮೆಯಾದದ್ದು ಇದನ್ನು ತಿಳಿದ ಮೇಲೆ. ಆ ವಾರವೇ ನಾವು ಐವರು ಹಾಸ್ಟೆಲ್ ಕೊಠಡಿಯ ಕಿಟಕಿಗೆ ಕಂಬಳಿ ಕಟ್ಟಿ, ಮೊಬೈಲಿನಲ್ಲಿ ಹತ್ತು ನಿಮಿಷದ ಮಾರುಕಟ್ಟೆ ಸುದ್ದಿಯನ್ನು ಮುದ್ರಿಸಿದೆವು.

ವರದಿ ಅಚ್ಚಾದ ಮೇಲೆ ಒಂದು ಕೆಲಸ ಉಳಿದಿರುತ್ತದೆ. ಅದರಲ್ಲಿ ಮಾತನಾಡಿದ ಪ್ರತಿಯೊಬ್ಬರಿಗೂ ಒಂದು ಪ್ರತಿಯನ್ನು ನೀವೇ ಒಯ್ದು ಕೊಡಿ. ಓದಲು ಬಾರದವರಿಗೆ ಅಲ್ಲೇ ಕುಳಿತು ಗಟ್ಟಿಯಾಗಿ ಓದಿ ಹೇಳಿ, ಅವರು ನಡುವೆ ತಡೆದು ಏನನ್ನಾದರೂ ತಿದ್ದಿದರೆ ಅದನ್ನು ಬಲಪುಟದಲ್ಲಿ ದಿನಾಂಕ ಹಾಕಿ ಬರೆದುಕೊಳ್ಳಿ. ನನ್ನ ಬಳಿ ಈಗ ಅಂಥ ಹನ್ನೊಂದು ಪುಸ್ತಕಗಳಿವೆ, ಮತ್ತು ಹದಿನೈದು ಕೆಜಿಯ ಲೆಕ್ಕ ಹೇಳಿಕೊಟ್ಟ ರೈತರ ಹೆಸರು ಮೊದಲನೆಯ ಪುಸ್ತಕದ ಬಲಪುಟದಲ್ಲಿದೆ.