ಜಾಮೀನು ಸಿಕ್ಕಿಯೂ ಒಳಗೇ ಉಳಿದವರ ಬಗ್ಗೆ ಬರೆಯಲು ಕಲಿತದ್ದು

ಜಾಮೀನು ಮಂಜೂರಾದರೂ ಶ್ಯೂರಿಟಿ (ಆರೋಪಿ ಕೋರ್ಟಿಗೆ ಬರುತ್ತಾರೆಂದು, ಸಾಮಾನ್ಯವಾಗಿ ತಮ್ಮ ಆಸ್ತಿ ತೋರಿಸಿ, ಹೊಣೆ ನಿಲ್ಲುವವರು) ಇಲ್ಲದೆ ಜೈಲಿನಲ್ಲೇ ಉಳಿಯುವ ವಿಚಾರಣಾಧೀನ ಕೈದಿಗಳು ನನ್ನ ಪಿಎಚ್‌.ಡಿ. ವಿಷಯ. ಅಪರಾಧಶಾಸ್ತ್ರದ ಎಂ.ಎ.ಯಲ್ಲಿ ಕಾನೂನು, ಸಂಖ್ಯಾಶಾಸ್ತ್ರ ಎಲ್ಲ ಓದಿದ್ದೆವು. ಬರವಣಿಗೆ ಮಾತ್ರ ಪಾಠದಲ್ಲಿರಲಿಲ್ಲ, ಕೆಲಸ ಮಾಡುತ್ತಲೇ ರೂಢಿಸಿಕೊಳ್ಳಬೇಕಾಯಿತು.

ಅಂಕಿಅಂಶಗಳಿಂದ ಶುರು ಮಾಡಿದೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ 2022ರ ವರದಿ ಪ್ರಕಾರ ದೇಶದ ಜೈಲುಗಳಲ್ಲಿದ್ದ 5,73,220 ಮಂದಿಯಲ್ಲಿ 4,34,302 ಮಂದಿ ವಿಚಾರಣಾಧೀನರು. ಇದು ಡಿಸೆಂಬರ್ 31ರಂದು ಒಳಗಿದ್ದವರ ಲೆಕ್ಕ. ಅದಕ್ಕೂ ಮೊದಲೇ ಹೊರಬಂದವರು ಇದರಲ್ಲಿ ಸೇರಿಲ್ಲ. ಹಾಗೆಯೇ ಬ್ಯೂರೋ ಕೊಡುವ ಶಿಕ್ಷೆಯ ಪ್ರಮಾಣ ವಿಚಾರಣೆ ಮುಗಿದ ಪ್ರಕರಣಗಳದ್ದು, ದಾಖಲಾದ ಎಲ್ಲ ಪ್ರಕರಣಗಳದ್ದಲ್ಲ. ಹಾಗಾಗಿ ಅಂಕಿ ಬರೆದಲ್ಲೆಲ್ಲ ಅದು ಯಾವ ದಿನದ್ದು, ಯಾರನ್ನು ಎಣಿಸಿದ್ದು ಎಂಬುದನ್ನೂ ಅದರ ಪಕ್ಕದಲ್ಲೇ ಹೇಳಿಬಿಡುತ್ತೇನೆ. ಓದುವವರು ಅಡಿಟಿಪ್ಪಣಿಗೆ ಇಳಿಯುತ್ತಾರೆಂದು ನಂಬಿ ಕೂರಬಾರದು.

ಹೆಚ್ಚು ಶ್ರಮ ಬಿದ್ದದ್ದು ಕಡತಗಳ ಮೇಲೆ. ಮಹಜರು, ರಿಮಾಂಡ್ ಅರ್ಜಿಗಳಲ್ಲಿ 'ಸದರಿ ಆರೋಪಿಯು' ಎಂದು ಹೊರಟ ವಾಕ್ಯ ಅರ್ಧ ಪುಟ ದಾಟಿದರೂ ನಿಲ್ಲುವುದಿಲ್ಲ. ಪ್ರತಿ ಪ್ರಕರಣಕ್ಕೂ ಒಂದು ಹಾಳೆ ಇಟ್ಟುಕೊಂಡೆ: ಬಂಧನದ ದಿನ, ಜಾಮೀನಿನ ದಿನ, ಬಾಂಡ್ ಮೊತ್ತ, ಎಷ್ಟು ಜನ ಶ್ಯೂರಿಟಿ ಬೇಕು, ಬಿಡುಗಡೆಯ ದಿನ, ಪ್ರತಿಯೊಂದರ ಮುಂದೆ ಕಡತದ ಪುಟಸಂಖ್ಯೆ. ಆ ಹಾಳೆಯನ್ನೇ ಆಮೇಲೆ ಒಂದು ಪ್ಯಾರಾ ಮಾಡುವುದು. ಅಲ್ಲಿ ಪ್ರತಿ ಸಂಗತಿಯನ್ನು ಹೇಳಿದವರು ಯಾರೆಂದು ಕಾಣಿಸಲೇಬೇಕು: ಪೊಲೀಸರೋ, ದೂರುದಾರರೋ, ನ್ಯಾಯಾಲಯವೋ. ದೋಷಾರೋಪ ಪಟ್ಟಿ ತನಿಖೆಯವರ ವಾದ. ಅದರ ಮಾತನ್ನು ಸಂಶೋಧಕರು ತಮ್ಮ ಮಾತಿನಂತೆ ಬರೆದರೆ ತೀರ್ಪಿಗೆ ಮೊದಲೇ ಒಬ್ಬರನ್ನು ಅಪರಾಧಿ ಮಾಡಿದಂತೆ. ಈ ವಿಷಯದಲ್ಲಿ ನನಗೆ ರಾಜಿಯಿಲ್ಲ.

ವಾದ ಕಟ್ಟುವುದನ್ನು ತೀರ್ಪುಗಳಿಂದ ಕಲಿತೆ. 1978ರ ಮೋತಿ ರಾಮ್ ಪ್ರಕರಣದಲ್ಲಿ ಒಬ್ಬ ಗಾರೆ ಕೆಲಸದವನಿಗೆ ಮ್ಯಾಜಿಸ್ಟ್ರೇಟರು 10,000 ರೂಪಾಯಿಯ ಶ್ಯೂರಿಟಿ ಕೇಳಿದ್ದರು. ಅಣ್ಣತಮ್ಮನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂದು ಅವನ ಶ್ಯೂರಿಟಿಯನ್ನು ಒಪ್ಪಿರಲಿಲ್ಲ. ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರ ತೀರ್ಪಿನಲ್ಲಿ ಆ ಬಡವನ ಸ್ಥಿತಿ ಎಲ್ಲೂ ಮರೆಯಾಗುವುದಿಲ್ಲ, ಕಾನೂನಿನ ಚರ್ಚೆಯುದ್ದಕ್ಕೂ ಜೊತೆಗೇ ಬರುತ್ತದೆ. ಇಂಥ ತೀರ್ಪುಗಳನ್ನು ನಾಲ್ಕೈದು ಸಾಲಿಗೆ ಇಳಿಸಿ ಬರೆದು ಬರೆದು ಕೈ ಪಳಗಿತು.

ಬಡವರಿಗೆ ಉಚಿತ ಕಾನೂನು ನೆರವು ಕೊಡುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಬರೆಯುವ ಟಿಪ್ಪಣಿಯ ದಾರಿಯೇ ಬೇರೆ. ಅಲ್ಲಿ ಪೂರ್ವಾಧ್ಯಯನಗಳ ಸಮೀಕ್ಷೆ ಯಾರಿಗೂ ಬೇಡ. ಜಾಮೀನು ಸಿಕ್ಕಿ 7 ದಿನದಲ್ಲಿ ಬಿಡುಗಡೆಯಾಗದಿದ್ದರೆ ಜೈಲು ಅಧೀಕ್ಷಕರು ಪ್ರಾಧಿಕಾರದ ಕಾರ್ಯದರ್ಶಿಗೆ ತಿಳಿಸಬೇಕೆಂದು ಸುಪ್ರೀಂ ಕೋರ್ಟ್ 2023ರ ಜನವರಿ 31ರಂದು ಹೇಳಿದೆ. ನನ್ನ ಟಿಪ್ಪಣಿ ಅಲ್ಲಿಂದಲೇ ಶುರುವಾಗಿ, ಆ ಗಡುವು ದಾಟಿದವರ ಪಟ್ಟಿ ಕೊಟ್ಟು, ಎರಡು ಪುಟದಲ್ಲಿ ಮುಗಿಯುತ್ತದೆ.

ಸಂದರ್ಶನ ಕೊಟ್ಟವರ ಹೆಸರು ಬದಲಿಸಿದರೆ ಸಾಲದು. ಚಿಕ್ಕ ತಾಲ್ಲೂಕಿನಲ್ಲಿ ಊರು, ಕಲಂ, ಬಂಧನದ ದಿನ ಮೂರೂ ಸೇರಿದರೆ ಮನುಷ್ಯ ಯಾರೆಂದು ಎಲ್ಲರಿಗೂ ಗೊತ್ತಾಗುತ್ತದೆ. ಊರು ಕೈಬಿಟ್ಟು, ದಿನದ ಬದಲು ವರ್ಷವಷ್ಟೇ ಬರೆಯುತ್ತೇನೆ.

ಕರಡನ್ನು ಗೈಡ್‌ಗೆ ಕೊಡುವ ಮೊದಲು ಕೈದಿಗಳಿಗೆ ಕಾನೂನು ನೆರವು ಪಡೆಯಲು ಸಹಾಯ ಮಾಡುತ್ತ ಜೈಲಿಗೆ ಹೋಗಿಬರುವ ಪ್ಯಾರಾಲೀಗಲ್ ಸ್ವಯಂಸೇವಕಿಯೊಬ್ಬರಿಗೆ ಓದಲು ಕೊಡುತ್ತೇನೆ. 'ಶ್ಯೂರಿಟಿ ಸಿಗಲಿಲ್ಲ' ಎಂಬ ಸಾಲಿನ ಕೆಳಗೆ ಗೆರೆ ಎಳೆದು ಅವರು ಕೇಳಿದರು: "ಯಾರೂ ಬರ್ಲಿಲ್ವಾ ಮೇಡಂ, ಇಲ್ಲಾ ಬಂದವರ ಪಹಣಿ ಒಪ್ಪಲಿಲ್ವಾ?" ಆ ಅಧ್ಯಾಯ ಈಗ ಎರಡಾಗಿದೆ.