ಕಂಪೈಲ್ ನಡುವೆ ಕರೆಂಟ್ ಹೋದರೆ

ಲಿನಕ್ಸ್‌ನಲ್ಲಿ ಪ್ರೋಗ್ರಾಮನ್ನು ಸೋರ್ಸ್‌ನಿಂದ (ಮೂಲ ಕೋಡ್‌ನಿಂದ) ಕಂಪೈಲ್ ಮಾಡುವಾಗ, ಅಂದರೆ ಕಂಪ್ಯೂಟರ್ ಓಡಿಸಬಲ್ಲ ರೂಪಕ್ಕೆ ತರುವಾಗ, ಕರೆಂಟ್ ಹೋಯಿತೆಂದು ಫೋಲ್ಡರ್ ಅಳಿಸಿ ಮೊದಲಿಂದ ಶುರು ಮಾಡಬೇಡಿ. ಅದೇ ಫೋಲ್ಡರಿನಲ್ಲಿ ಮತ್ತೆ ‘ಮೇಕ್’ (make) ಕಮಾಂಡ್ ಕೊಡಿ, ಸಾಕು. ಸೋರ್ಸ್ ಫೈಲಿನದೂ ಅದರಿಂದಾದ ‘.ಓ’ (.o, ಕಂಪೈಲ್ ಆದ ತುಣುಕು) ಫೈಲಿನದೂ ಕೊನೆಗೆ ಬದಲಾದ ಸಮಯ ಹೋಲಿಸಿ, ಬಾಕಿ ಇದ್ದದ್ದನ್ನಷ್ಟೇ ಅದು ಕಂಪೈಲ್ ಮಾಡುತ್ತದೆ. ಆಗುಂಬೆ, ಹೊಸನಗರದ ಕಡೆ ಮಳೆಗಾಲದಲ್ಲಿ ಹಳೇ ಕಂಪ್ಯೂಟರ್ ಇಟ್ಟುಕೊಂಡವರಿಗೆ ಇದು ದೊಡ್ಡ ಅನುಕೂಲ. ಕರೆಂಟ್ ಹೋದ ಕ್ಷಣದಲ್ಲಿ ಬರೆಯುತ್ತಿದ್ದ ‘.ಓ’ ಫೈಲ್ ಅರ್ಧಂಬರ್ಧ ಉಳಿದಿದ್ದರೆ ಮಾತ್ರ ಕೊನೆಗೆ ಲಿಂಕ್ ಮಾಡುವಾಗ (ತುಣುಕುಗಳನ್ನು ಜೋಡಿಸುವಾಗ) ಎರರ್ ಬರಬಹುದು. ಎರರ್‌ನಲ್ಲಿ ಹೆಸರಿರುವ ಆ ಒಂದು ಫೈಲ್ ಅಳಿಸಿ ಮತ್ತೆ ಮೇಕ್ ಕೊಡಿ. ‘ಮೇಕ್ ಕ್ಲೀನ್’ ಖಂಡಿತ ಬೇಡ, ಆಗಿದ್ದೆಲ್ಲ ಹೋಗುತ್ತೆ. ಹೊಸಬರು ಉಬುಂಟುವಿನಲ್ಲಿ ಮೊದಲು ‘ಆಪ್ಟ್ ಸರ್ಚ್’ (apt search) ಜೊತೆ ಪ್ರೋಗ್ರಾಮಿನ ಹೆಸರು ಕೊಟ್ಟು ಹುಡುಕಿ ನೋಡಿ. ಪ್ಯಾಕೇಜ್ (ಮೊದಲೇ ಕಂಪೈಲ್ ಮಾಡಿಟ್ಟ ಪ್ರೋಗ್ರಾಮ್) ಸಿಕ್ಕರೆ ಕಂಪೈಲ್ ಗೋಜೇ ಬೇಡ. ಅದರ ಇನ್‌ಸ್ಟಾಲ್ ಅರ್ಧಕ್ಕೆ ನಿಂತರೆ ‘ಸುಡೊ ಡಿಪಿಕೆಜಿ --ಕಾನ್ಫಿಗರ್ -ಎ’ (sudo dpkg --configure -a) ಕೊಟ್ಟರೆ ಸಾಮಾನ್ಯವಾಗಿ ಸರಿಹೋಗುತ್ತದೆ.